ಹಳೆ ಪಾಲಿಸಿ ಬಿಡುವ ಮೊದಲು ತೂಗಿ ನೋಡಿ

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ವಲಯಗಳ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಸಂಸ್ಥೆಯ ಸಿಸ್ಟರ್ ಮಾಡಿದ ಭಾಷಣದ ಲಿಖಿತ ರೂಪ. ಸಂಘದ ವಾರದ ಸಭೆಯಲ್ಲಿ ಗಟ್ಟಿಯಾಗಿ ಓದಿ, ಚರ್ಚೆ ಮಾಡಬೇಕಾಗಿ ವಿನಂತಿ.)



ಇವತ್ತಿನ ವಿಷಯವನ್ನು ಕೊಟ್ಟದ್ದು ನೀವೇ. ಕಳೆದ ಕೆಲವು ತಿಂಗಳಿಂದ ಯಾವ ವಲಯದ ಸಭೆಗೆ ಹೋದರೂ ಒಬ್ಬರಲ್ಲ ಒಬ್ಬರು ಇದೇ ಪ್ರಶ್ನೆ ಕೇಳ್ತಾರೆ. "ಸಿಸ್ಟರ್, ನನ್ನ ಹತ್ರ ಒಂದು ಸಣ್ಣ ಪಾಲಿಸಿ ಉಂಟು. ಸತ್ತರೆ ಖರ್ಚಿಗಾದರೂ ಆದೀತು ಅಂತ ಮಾಡಿಸಿದ್ದು. ಈಗ ಏಜೆಂಟ್ ಬಂದು, ಅದನ್ನು ಬಿಡಿ, ಇದು ಹೊಸದು, ಇದರಲ್ಲಿ ಎರಡು ಪಾಲು ಹಣ ಬರ್ತದೆ ಅಂತಾರೆ. ಎಂತ ಮಾಡುವುದು?" ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಇದಕ್ಕೆ ಉತ್ತರ ಹೇಳ್ಲಿಕ್ಕೆ ಬರುವುದಿಲ್ಲ. ಆದರೆ ತೂಗಿ ನೋಡುವ ಕ್ರಮ ಒಂದುಂಟು. ಅದನ್ನು ಇವತ್ತು ಒಟ್ಟಿಗೆ ಕಲಿಯುವ.

ಸಾವಿನ ಖರ್ಚು ಅಂದರೆ ಯಾವುದು?

ಸಾವಿನ ಮಾತು ಆಡಬಾರದು ಅಂತ ಹಿರಿಯರು ಹೇಳ್ತಾರೆ. ಆದರೆ ಖರ್ಚಿನ ಲೆಕ್ಕ ಹಾಕದೆ ಇದ್ದರೆ ಸಾವು ತಡವಾಗಿ ಬರುವುದಿಲ್ಲ, ಸಾಲ ಮಾತ್ರ ಬೇಗ ಬರ್ತದೆ. ನಮ್ಮ ಊರಿನಲ್ಲಿ ಒಂದು ಸಾವಾದರೆ ಖರ್ಚು ಮೂರು ಹಂತದಲ್ಲಿ ಬರುವುದು. ಮೊದಲನೆಯದು ಆಸ್ಪತ್ರೆಯ ಬಾಕಿ ಬಿಲ್ಲು ಮತ್ತು ಆಂಬುಲೆನ್ಸ್. ಎರಡನೆಯದು ಆ ದಿನದ ಖರ್ಚು: ಕಟ್ಟಿಗೆಯೋ, ಪೆಟ್ಟಿಗೆಯೋ, ಗುಂಡಿ ತೋಡುವವರ ಕೂಲಿಯೋ, ಬಂದವರಿಗೆ ಚಾ ಗಂಜಿಯೋ. ಮೂರನೆಯದು ಆಮೇಲಿನದ್ದು. ಹಿಂದೂ ಮನೆಯಾದರೆ ಬೊಜ್ಜ, ಉತ್ತರಕ್ರಿಯೆ. ಕ್ರೈಸ್ತರ ಮನೆಯಾದರೆ ಏಳನೇ ದಿನದ, ತಿಂಗಳ ಪೂಜೆ. ಮುಸ್ಲಿಂ ಮನೆಯಲ್ಲಿ ಅವರವರ ಕ್ರಮ. ಹೆಚ್ಚು ಹಣ ಹೋಗುವುದು ಈ ಮೂರನೇ ಹಂತದ ಊಟಕ್ಕೆ. ಅದನ್ನು ಸರಳವಾಗಿ ಮಾಡಿದರೆ ಸತ್ತವರಿಗೆ ಅವಮಾನ ಆಗುವುದಿಲ್ಲ ಅಂತ ಸಂಘದಲ್ಲಿ ನಾವು ಧೈರ್ಯವಾಗಿ ಮಾತಾಡಬೇಕು.

ಇಲ್ಲಿ ಒಂದು ವಿಷಯ ಗಮನಿಸಿ. ಮೊದಲ ಎರಡು ಹಂತಕ್ಕೆ ಯಾವ ವಿಮೆಯ ಹಣವೂ ಸಮಯಕ್ಕೆ ಸಿಗುವುದಿಲ್ಲ. ಮರಣ ಪ್ರಮಾಣಪತ್ರ ಆಗಬೇಕು, ಅರ್ಜಿ ಹೋಗಬೇಕು. ತನಿಖೆ ಬೇಕಾಗದ ಮರಣದ ಕ್ಲೇಮನ್ನು 15 ದಿನದಲ್ಲಿ, ತನಿಖೆ ಬೇಕಾದರೆ 45 ದಿನದಲ್ಲಿ ತೀರ್ಮಾನಿಸಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರಲ್ಲಿ ಹೇಳಿದೆ. ಆದರೆ ಹೆಣ 15 ದಿನ ಕಾಯುವುದಿಲ್ಲ. ಹಾಗಾಗಿ ಆ ದಿನದ ಕೈ ಖರ್ಚು ಸಂಘದ ತುರ್ತು ನಿಧಿಯಿಂದ ಬರಬೇಕು. ವಿಮೆಯ ಹಣ ಬಂದ ಮೇಲೆ ಅದನ್ನು ತೀರಿಸಬೇಕು. ಎರಡೂ ಬೇಕು, ಒಂದು ಇನ್ನೊಂದರ ಬದಲಿಗೆ ಆಗುವುದಿಲ್ಲ.

ನಮ್ಮ ಕೈಯಲ್ಲಿ ಈಗಾಗಲೇ ಏನೇನು ಉಂಟು?

ಹಳೆಯದನ್ನು ಬಿಡಬೇಕಾ ಅಂತ ಕೇಳುವ ಮೊದಲು ಹಳೆಯದು ಎಷ್ಟು ಉಂಟು ಅಂತ ಎಣಿಸಬೇಕು. ನಮ್ಮಲ್ಲಿ ಹೆಚ್ಚಿನವರು ಒಂದಲ್ಲ, ಎರಡು ಮೂರು ಕಡೆ ಸದಸ್ಯರು. ನಮ್ಮ ಸಂಘ, ಸ್ತ್ರೀಶಕ್ತಿ, ನವೋದಯ, ಧರ್ಮಸ್ಥಳ ಯೋಜನೆಯ ಸಂಘ. ಸಾಲ ತೆಗೆಯುವಾಗ ಒಂದು ವಿಮೆ, ಬ್ಯಾಂಕ್ ಖಾತೆ ತೆರೆಯುವಾಗ ಇನ್ನೊಂದು. ಕಾಗದಪತ್ರಗಳು ಎಲ್ಲಿವೆ? ಕೆಲವರದ್ದು ಅಕ್ಕಿ ಡಬ್ಬಿಯ ಅಡಿಯಲ್ಲಿ, ಕೆಲವರದ್ದು ಏಜೆಂಟರ ಮನೆಯಲ್ಲಿ!

ಸ್ವಲ್ಪ ಇತಿಹಾಸ ಹೇಳ್ತೇನೆ. 2005ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಕಿರು ವಿಮೆಯ ನಿಯಮ ತಂದಿತು. ಬಡವರಿಗೆ 5,000ದಿಂದ 50,000 ರೂಪಾಯಿವರೆಗಿನ ಸಣ್ಣ ಜೀವ ವಿಮೆ ಮಾಡಲಿಕ್ಕೆ, ಸ್ವಸಹಾಯ ಸಂಘ ಮತ್ತು ಸೇವಾ ಸಂಸ್ಥೆಗಳೇ ಏಜೆಂಟರಾಗಲಿಕ್ಕೆ ಅದರಿಂದ ಅವಕಾಶ ಆಯಿತು. 2006ರಲ್ಲಿ ಎಲ್‌ಐಸಿಯ ಜೀವನ್ ಮಧುರ್, 2009ರಲ್ಲಿ ಜೀವನ್ ಮಂಗಲ್ ಬಂದವು. ನಿಮ್ಮಲ್ಲಿ ಹಲವರ ಹಳೆ ಪಾಲಿಸಿ ಆ ಕಾಲದ್ದು ಅಥವಾ ಅದರ ನಂತರದ್ದು. ಕೆಲವು ಅವಧಿ ಮುಗಿದು ಹಣ ಬರಲಿಕ್ಕೆ ಬಾಕಿ ಇರಬಹುದು, ವಿಚಾರಿಸಿ.

ಬೀಡಿ ಕಟ್ಟುವ ಅಕ್ಕಂದಿರಿಗೆ ಒಂದು ಮಾತು. ನಿಮಗೆ ಪಿಎಫ್ ಇದ್ದರೆ, ಅದರ ಜೊತೆಗೆ 1976ರಿಂದ ಇಡಿಎಲ್‌ಐ ಅಂತ ಒಂದು ವಿಮೆ ಉಂಟು. ಅದಕ್ಕೆ ಕಾರ್ಮಿಕರ ಕೈಯಿಂದ ಒಂದು ಪೈಸೆಯೂ ಕಡಿತವಿಲ್ಲ. ಕೆಲಸದಲ್ಲಿರುವಾಗ ತೀರಿಕೊಂಡರೆ ವೇತನದ ಲೆಕ್ಕದ ಮೇಲೆ ನಾಮಿನಿಗೆ ಹಣ ಬರ್ತದೆ, ಗರಿಷ್ಠ 7 ಲಕ್ಷದವರೆಗೆ. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಪಿಎಫ್ ಹಣ ಮಾತ್ರ ತೆಗೆದು ಸುಮ್ಮನಾಗಿದ್ದಾರೆ.

ಇನ್ನೊಂದು ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ. 2015ರಲ್ಲಿ ಶುರುವಾದದ್ದು. ಆಗ ವರ್ಷಕ್ಕೆ 330 ರೂಪಾಯಿ ಇತ್ತು, 2022ರ ಜೂನ್ 1ರಿಂದ 436 ರೂಪಾಯಿ. ಯಾವ ಕಾರಣಕ್ಕೆ ಸತ್ತರೂ 2 ಲಕ್ಷ. 18ರಿಂದ 50 ವರ್ಷದೊಳಗೆ ಸೇರಬೇಕು, 55ಕ್ಕೆ ಮುಗಿಯುತ್ತದೆ. ಬದುಕಿದ್ದರೆ ಹಣ ವಾಪಸು ಬರುವುದಿಲ್ಲ. ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ರಕ್ಷಣೆ. ಪ್ರತಿ ವರ್ಷ ಮೇ ಕೊನೆಗೆ ಖಾತೆಯಲ್ಲಿ ಹಣ ಇರಬೇಕು, ಇಲ್ಲದಿದ್ದರೆ ಕಡಿತವೂ ಇಲ್ಲ, ವಿಮೆಯೂ ಇಲ್ಲ. ಎರಡು ಬ್ಯಾಂಕಿನಲ್ಲಿ ಎರಡು ಸಲ ಕಟ್ಟಿದರೆ 4 ಲಕ್ಷ ಸಿಗುವುದಿಲ್ಲ, ಒಂದು ಕಡೆಯದ್ದು ಮಾತ್ರ.

ಸಾಲದ ಜೊತೆ ಬರುವ ವಿಮೆಯನ್ನು ಇದರೊಟ್ಟಿಗೆ ಸೇರಿಸಬೇಡಿ. ಅದರ ಹಣ ಮೊದಲು ಸಾಲಕ್ಕೆ ಹೋಗುತ್ತದೆ. ಸಾಲ ಮುಗಿದರೆ ಸಾಮಾನ್ಯವಾಗಿ ಅದೂ ಮುಗಿಯುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ

ಈಗ ತೂಗುವ ಕೆಲಸ. 44 ವರ್ಷದ ಒಬ್ಬ ಸದಸ್ಯೆ ಅಂತ ಇಟ್ಟುಕೊಳ್ಳುವ. 15 ವರ್ಷದ 50,000 ರೂಪಾಯಿಯ ಉಳಿತಾಯದ ಪಾಲಿಸಿ. ತಿಂಗಳಿಗೆ 300ರಂತೆ ವರ್ಷಕ್ಕೆ 3,600. 9 ವರ್ಷ ಕಟ್ಟಿ ಆಯಿತು, ಅಂದರೆ 32,400 ರೂಪಾಯಿ. ಇನ್ನು 6 ವರ್ಷ, 21,600 ಬಾಕಿ. ಏಜೆಂಟ್ ಬಂದು, ತಿಂಗಳಿಗೆ 650 ಕಟ್ಟಿ, 15 ವರ್ಷ, 1 ಲಕ್ಷ ಅಂತಾರೆ. ಕೇಳಲಿಕ್ಕೆ ಚೆಂದ. ಈಗ ನೋಡಿ.

ರಕ್ಷಣೆ ಎರಡು ಪಾಲು ಆಯಿತು, ಸರಿ. ಆದರೆ ಕಂತು ಎರಡು ಪಾಲಿಗಿಂತ ಹೆಚ್ಚಾಯಿತು. ಯಾಕೆ? 35ರ ಪ್ರಾಯದಲ್ಲಿ ಮಾಡಿದ ಪಾಲಿಸಿಗೆ 35ರ ದರ, 44ರಲ್ಲಿ ಮಾಡಿದ್ದಕ್ಕೆ 44ರ ದರ. 6 ವರ್ಷದಲ್ಲಿ ಮುಗಿಯುವ ಜವಾಬ್ದಾರಿ 15 ವರ್ಷಕ್ಕೆ ಹೋಯಿತು. 59 ವರ್ಷದವರೆಗೆ ತಿಂಗಳಿಗೆ 650 ಕಟ್ಟಲಿಕ್ಕೆ ಆಗುತ್ತದಾ? ಬೀಡಿ ಕಡಿಮೆಯಾದರೆ, ಕೈ ನೋವು ಬಂದರೆ, ಸೊಂಟ ನೋವು ಬಂದರೆ?

ಹಳೆಯದನ್ನು ಬಿಡಲಿಕ್ಕೂ ಎರಡು ದಾರಿ ಉಂಟು, ಎರಡೂ ಒಂದೇ ಅಲ್ಲ. ಸರೆಂಡರ್ ಮಾಡಿದರೆ ಸ್ವಲ್ಪ ಹಣ ಕೈಗೆ ಬರ್ತದೆ, ನಡುವಿನ ವರ್ಷಗಳಲ್ಲಿ ಅದು ಸಾಮಾನ್ಯವಾಗಿ ಕಟ್ಟಿದ್ದಕ್ಕಿಂತ ಕಡಿಮೆ. ಆ ದಿನದಿಂದ ರಕ್ಷಣೆ ಸೊನ್ನೆ. ಎರಡನೆಯದು ಪೇಯ್ಡ್ ಅಪ್. ಮುಂದೆ ಕಂತು ಕಟ್ಟುವುದಿಲ್ಲ, ಆದರೆ ಪಾಲಿಸಿ ಸಾಯುವುದಿಲ್ಲ. 15 ವರ್ಷದಲ್ಲಿ 9 ವರ್ಷ ಕಟ್ಟಿದ ಕಾರಣ 50,000ದ 15ರಲ್ಲಿ 9 ಪಾಲು, ಅಂದರೆ 30,000, ಮತ್ತು ಅಲ್ಲಿವರೆಗೆ ಸೇರಿದ ಬೋನಸ್ ಇದ್ದರೆ ಅದೂ ಉಳಿಯುತ್ತದೆ. ಮಧ್ಯದಲ್ಲಿ ಸತ್ತರೆ ನಾಮಿನಿಗೆ, ಬದುಕಿದ್ದರೆ ಅವಧಿ ಮುಗಿದಾಗ ನಿಮಗೆ. ಈ ಎರಡನೇ ದಾರಿಯನ್ನು ಹೆಚ್ಚಿನ ಏಜೆಂಟರು ಹೇಳುವುದೇ ಇಲ್ಲ. ಹಣದ ತುರ್ತು ಇದ್ದರೆ ಪಾಲಿಸಿ ಮೇಲೆ ಸಾಲವೂ ಸಿಗುತ್ತದೆ. ಮಗಳ ಫೀಸಿಗೆ ಅಂತ ಸರೆಂಡರ್ ಮಾಡುವ ಮೊದಲು ಅದನ್ನು ವಿಚಾರಿಸಿ.

ಇನ್ನೊಂದು ದಾರಿ, ಬದಲಾಯಿಸುವುದಲ್ಲ, ಸೇರಿಸುವುದು. ಹಳೆಯ 300 ಹಾಗೇ ಇರಲಿ. ವರ್ಷಕ್ಕೆ 436ರ ಜೀವನ್ ಜ್ಯೋತಿ ಸೇರಿಸಿ. ಒಟ್ಟು ವರ್ಷಕ್ಕೆ 4,036 ರೂಪಾಯಿ. ಹಳೆ ಪಾಲಿಸಿ ಮುಗಿಯುವ 50ನೇ ವರ್ಷದವರೆಗೆ 2 ಲಕ್ಷ 50 ಸಾವಿರದ ರಕ್ಷಣೆ, ಆಮೇಲೆ 55ರವರೆಗೆ 2 ಲಕ್ಷ. ಏಜೆಂಟ್ ಹೇಳಿದ್ದಕ್ಕೆ ವರ್ಷಕ್ಕೆ 7,800, ರಕ್ಷಣೆ 1 ಲಕ್ಷ. 55ರ ನಂತರ ಜೀವನ್ ಜ್ಯೋತಿ ಇರುವುದಿಲ್ಲ ಎಂಬುದು ನಿಜ. ಆದರೆ ಹಳೆ ಪಾಲಿಸಿ ಮುಗಿದಾಗ ಬರುವ ಹಣವನ್ನು ಸಾವಿನ ಖರ್ಚಿಗೆ ಅಂತಲೇ ಠೇವಣಿ ಇಟ್ಟರೆ ಆ ಚಿಂತೆಗೂ ಒಂದು ದಾರಿ ಆಯಿತು.

ಹೊಸ ಪಾಲಿಸಿ ಅಂದರೆ ಹೊಸ ಮಗು

ಲೆಕ್ಕ ಸರಿ ಬಂದರೂ ಇನ್ನೊಂದು ವಿಷಯ ಉಂಟು. ಇದನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ವಿಮಾ ಕಾಯಿದೆಯ 45ನೇ ಕಲಮಿಗೆ 2015ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಪಾಲಿಸಿಗೆ 3 ವರ್ಷ ತುಂಬಿದ ಮೇಲೆ, ಅರ್ಜಿಯಲ್ಲಿ ನೀವು ಹಾಗೆ ಬರೆದಿದ್ದೀರಿ, ಹೀಗೆ ಮುಚ್ಚಿಟ್ಟಿದ್ದೀರಿ ಅಂತ ಕಂಪೆನಿ ತಕರಾರು ತೆಗೆಯುವ ಹಾಗಿಲ್ಲ. ನಿಮ್ಮ 9 ವರ್ಷದ ಪಾಲಿಸಿ ಈ ಹೊಳೆ ದಾಟಿ ಆಗಿದೆ. ಹೊಸದು ಮಾಡಿದರೆ ಮತ್ತೆ ಈಚೆ ದಡದಲ್ಲಿ ನಿಲ್ಲಬೇಕು. ತಪ್ಪಿದ ಪಾಲಿಸಿಯನ್ನು ಪುನಃ ಜೀವಂತ ಮಾಡಿದರೂ 3 ವರ್ಷ ಹೊಸದಾಗಿ ಲೆಕ್ಕ.

35ರಲ್ಲಿ ಸಕ್ಕರೆ ಕಾಯಿಲೆ ಇರಲಿಲ್ಲ. ಈಗ ಉಂಟು. ಬಿಪಿ ಮಾತ್ರೆ ತಿನ್ನುತ್ತೀರಿ. ಹೊಸ ಅರ್ಜಿಯಲ್ಲಿ ಅದನ್ನು ಕೇಳುತ್ತಾರೆ. ಕೆಲವರು, ಅಕ್ಕ ಅದೆಲ್ಲ ಬರೆಯುವುದು ಬೇಡ, ನಾನು ಇಲ್ಲ ಅಂತ ಹಾಕ್ತೇನೆ, ನೀವು ಸೈನ್ ಮಾಡಿ ಅಂತಾರೆ. ಸೈನ್ ನಿಮ್ಮದು. 3 ವರ್ಷದೊಳಗೆ ಏನಾದರೂ ಆದರೆ ಆಸ್ಪತ್ರೆಯ ಹಳೆ ಚೀಟಿ ಹೊರಗೆ ಬರುತ್ತದೆ. ಆಗ ಕಷ್ಟ ನಿಮ್ಮ ಮಕ್ಕಳಿಗೆ, ಏಜೆಂಟರಿಗಲ್ಲ. ಇದ್ದ ಕಾಯಿಲೆಯನ್ನು ಇದ್ದ ಹಾಗೆ ಬರೆಸಿ. ಹೆಚ್ಚು ಕಂತು ಕೇಳಿದರೆ, ಅಥವಾ ಆಗುವುದಿಲ್ಲ ಅಂದರೆ, ಹಳೆಯದನ್ನು ಬಿಡಬಾರದು ಅಂತ ನಿಮಗೆ ಅಲ್ಲೇ ಉತ್ತರ ಸಿಕ್ಕಿತು.

ಕೆಲವು ಹೊಸ ಪಾಲಿಸಿಗಳಲ್ಲಿ ಮೊದಲ ದಿನಗಳಲ್ಲಿ ಪೂರ್ತಿ ರಕ್ಷಣೆ ಇರುವುದಿಲ್ಲ. 2021ರಲ್ಲಿ ಬಂದ ಸರಳ ಜೀವನ್ ಬಿಮಾದಲ್ಲಿ ಮೊದಲ 45 ದಿನ ಅಪಘಾತದ ಸಾವಿಗೆ ಮಾತ್ರ ಪೂರ್ತಿ ಹಣ. ಅಮೆರಿಕದಲ್ಲಿ ಪ್ರಾಯದವರಿಗೆ ಅಂತ್ಯಕ್ರಿಯೆಯ ಖರ್ಚಿಗೆಂದೇ ಪಾಲಿಸಿ ಮಾರುತ್ತಾರೆ. ವೈದ್ಯಕೀಯ ಪ್ರಶ್ನೆ ಇಲ್ಲದೆ ಕೊಡುವ ಅಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಮೊದಲ 2 ವರ್ಷ ರೋಗದಿಂದ ಸತ್ತರೆ ಪೂರ್ತಿ ಹಣ ಇಲ್ಲ. ಊರು ಯಾವುದಾದರೂ ಬುದ್ಧಿ ಒಂದೇ. ಹೊಸದು ಯಾವ ತಾರೀಕಿನಿಂದ ಪೂರ್ತಿ ರಕ್ಷಣೆ ಕೊಡುತ್ತದೆ ಅಂತ ಕೇಳಿ.

ನಮ್ಮ ಪರಿಚಯದ ಒಂದು ಮನೆಯಲ್ಲಿ ಆದದ್ದನ್ನು ಹೇಳ್ತೇನೆ. ಊರು ಹೆಸರು ಬೇಡ. ಬೀಡಿ ಕಟ್ಟಿ ಎರಡು ಮಕ್ಕಳನ್ನು ಓದಿಸಿದ ತಾಯಿ. ದೊಡ್ಡದು ಮಾಡುವ ಅಂತ ಹಳೆ ಪಾಲಿಸಿಯನ್ನು ಸರೆಂಡರ್ ಮಾಡಿದರು. ಬಂದ ಹಣ ಮನೆಯ ಮಾಡು ರಿಪೇರಿಗೆ ಹೋಯಿತು. ಹೊಸದಕ್ಕೆ ಫಾರಂ ತುಂಬಿಸಿದರು. ರಕ್ತ ಪರೀಕ್ಷೆ ಆಗಬೇಕಿತ್ತು. ಮಳೆ, ಕೆಲಸ, ಇವತ್ತು ನಾಳೆ ಅಂತ ದಿನ ಹೋಯಿತು. ಆ ನಡುವೆ ಹೃದಯಾಘಾತ ಆಗಿ ತೀರಿಕೊಂಡರು. ಹಳೆಯದು ಇಲ್ಲ, ಹೊಸದು ಹುಟ್ಟಿರಲಿಲ್ಲ. ಬೊಜ್ಜದ ಖರ್ಚಿಗೆ ಮಗ ಬಡ್ಡಿಗೆ ಹಣ ತಂದ. ಆ ಬಡ್ಡಿ ತೀರಿಸಲಿಕ್ಕೆ ಕಾಲೇಜು ಬಿಟ್ಟು ಕೆಲಸಕ್ಕೆ ಹೋದ. ಯಾರೂ ಕೆಟ್ಟವರಲ್ಲ, ಯಾರೂ ಮೋಸ ಮಾಡಿದ್ದಲ್ಲ. ಕ್ರಮ ಮಾತ್ರ ತಪ್ಪಿತು. ಮಳೆಗಾಲದಲ್ಲಿ ಹೊಸ ಹಂಚು ಅಂಗಳಕ್ಕೆ ಬಂದು ಬೀಳುವ ಮೊದಲು ಹಳೆ ಹಂಚು ಇಳಿಸುವವರು ಉಂಟಾ?

ಏಜೆಂಟರ ಮಾತು ಕೇಳುವಾಗ

ಏಜೆಂಟರು ನಮ್ಮ ಶತ್ರುಗಳಲ್ಲ. ನಮ್ಮ ಸದಸ್ಯೆಯರಲ್ಲೇ ಕೆಲವರು ಏಜೆಂಟರು, ಒಳ್ಳೆಯ ಕೆಲಸ ಮಾಡುತ್ತಾರೆ. ಆದರೆ ಹೊಸ ಪಾಲಿಸಿಯ ಮೊದಲ ವರ್ಷದ ಕಮಿಷನ್ ಆಮೇಲಿನ ವರ್ಷಗಳಿಗಿಂತ ಬಹಳ ಹೆಚ್ಚು. ಹಳೆಯದನ್ನು ಮುಂದುವರಿಸಿ ಅಂತ ಹೇಳಿದರೆ ಅವರಿಗೆ ಹೆಚ್ಚು ಸಿಗುವುದಿಲ್ಲ. ಇದು ನೆನಪಿರಲಿ.

ಏಜೆಂಟರ ನಡತೆಯ ನಿಯಮದಲ್ಲೇ ಬರೆದುಂಟು: ಹಳೆ ಪಾಲಿಸಿ ನಿಲ್ಲಿಸಿ, 3 ವರ್ಷದೊಳಗೆ ತನ್ನಿಂದ ಹೊಸದು ಮಾಡಿಸಬೇಕು ಅಂತ ಗ್ರಾಹಕರನ್ನು ಬಲವಂತ ಮಾಡಬಾರದು. ಮೊದಲ ಕಂತು ನಾನೇ ಕಟ್ಟುತ್ತೇನೆ ಅಂತ ಕಮಿಷನ್ ಬಿಟ್ಟುಕೊಡುವುದೂ ವಿಮಾ ಕಾಯಿದೆಯ 41ನೇ ಕಲಮಿಗೆ ವಿರುದ್ಧ. ಇನ್ನು ಕೆಲವರು, ಹೊಸದಕ್ಕೆ ಜಿಎಸ್‌ಟಿ ಇಲ್ಲ ಅಂತಾರೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಗೆ ಜಿಎಸ್‌ಟಿ ಇಲ್ಲ, ಹೌದು. ಆದರೆ ಹಳೆ ಪಾಲಿಸಿಯ ಮುಂದಿನ ಕಂತುಗಳಿಗೂ ಇಲ್ಲ. ಹಾಗಾಗಿ ಅದು ಬದಲಾಯಿಸಲಿಕ್ಕೆ ಕಾರಣ ಅಲ್ಲ.

2010ಕ್ಕೆ ಮೊದಲು ಶೇರು ಮಾರುಕಟ್ಟೆಗೆ ಸೇರಿದ ಯೂಲಿಪ್ ಪಾಲಿಸಿಗಳನ್ನು, 3 ವರ್ಷ ಕಟ್ಟಿದರೆ ಸಾಕು ಅಂತ ಹೇಳಿ ಮಾರಿದ್ದು ಹಿರಿಯ ಸದಸ್ಯೆಯರಿಗೆ ನೆನಪಿರಬಹುದು. ಆ ವರ್ಷ ಸೆಪ್ಟೆಂಬರ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಅದರ ನಿಯಮ ಬಿಗಿ ಮಾಡಿ, ಹಣ ತೆಗೆಯದೆ ಇರಬೇಕಾದ ಅವಧಿಯನ್ನು 3ರಿಂದ 5 ವರ್ಷಕ್ಕೆ ಏರಿಸಿತು. ಸಾವಿನ ಖರ್ಚಿಗೆ ಅಂತ ಇಡುವ ಹಣ ಮಾರುಕಟ್ಟೆಯ ಜೊತೆ ಏರಿ ಇಳಿಯಬಾರದು.

ಬದಲಾಯಿಸುವುದು ಸರಿ ಆಗುವುದು ಯಾವಾಗ?

ಯಾವತ್ತೂ ಬದಲಾಯಿಸಬಾರದು ಅಂತ ನಾನು ಹೇಳುವುದಿಲ್ಲ. ಕಟ್ಟಿ ಒಂದೇ ವರ್ಷ ಆಗಿದ್ದು, ನಿಮಗೆ ಹೇಳಿದ್ದೇ ಒಂದು, ಬರೆದದ್ದೇ ಇನ್ನೊಂದು ಆಗಿದ್ದರೆ. ಕಂತು ಕಟ್ಟಲಿಕ್ಕೆ ಪ್ರತಿ ಸಲ ಸಾಲ ಮಾಡಬೇಕಾಗಿದ್ದರೆ. ಪ್ರಾಯ ಸಣ್ಣದು, ಆರೋಗ್ಯ ಒಳ್ಳೆಯದುಂಟು, ಮಕ್ಕಳು ಸಣ್ಣವರು, ಆದರೆ ಇರುವ ರಕ್ಷಣೆ 20–30 ಸಾವಿರ ಮಾತ್ರ ಅಂತಾದರೆ. ಇಂಥ ಸಮಯದಲ್ಲಿ ಕಡಿಮೆ ಕಂತಿನ ದೊಡ್ಡ ರಕ್ಷಣೆ ತೆಗೆದು, ಹಳೆಯದನ್ನು ಪೇಯ್ಡ್ ಅಪ್ ಮಾಡುವುದು ಜಾಣತನ ಆಗಬಹುದು. ಯಾಕೆಂದರೆ ಸಣ್ಣ ಪ್ರಾಯದ ತಾಯಿ ಹೋದರೆ ಬೊಜ್ಜದ ಖರ್ಚು ಸಣ್ಣದು, ಮಕ್ಕಳ ಹತ್ತು ವರ್ಷದ ಅನ್ನ ದೊಡ್ಡದು.

50 ದಾಟಿದವರು, ಸಕ್ಕರೆ, ಬಿಪಿ, ಹೃದಯದ ಕಾಯಿಲೆ ಇರುವವರು, ಪಾಲಿಸಿ ಮುಗಿಯಲಿಕ್ಕೆ ಕೆಲವೇ ವರ್ಷ ಇರುವವರು ಮಾತ್ರ ಹಳೆಯದನ್ನು ಗಟ್ಟಿ ಹಿಡಿದುಕೊಳ್ಳಿ.

ಬದಲಾಯಿಸುವುದೇ ಅಂತ ತೀರ್ಮಾನ ಆದರೆ ಕ್ರಮ ಹೀಗಿರಲಿ: ಮೊದಲು ಹೊಸದಕ್ಕೆ ಅರ್ಜಿ. ಪರೀಕ್ಷೆ ಇದ್ದರೆ ಮುಗಿಸಿ. ಪಾಲಿಸಿ ಪತ್ರ ಕೈಗೆ ಬರಲಿ. ಓದಿ, ಅಥವಾ ಓದಿಸಿ ಕೇಳಿ. ಪತ್ರ ಸಿಕ್ಕಿದ 30 ದಿನದೊಳಗೆ ಬೇಡ ಅಂತ ಹಿಂದೆ ಕೊಡಲಿಕ್ಕೆ ನಿಮಗೆ ಹಕ್ಕುಂಟು, ಸ್ವಲ್ಪ ಖರ್ಚು ಕಡಿದು ಹಣ ವಾಪಸು ಕೊಡುತ್ತಾರೆ. ಪೂರ್ತಿ ರಕ್ಷಣೆ ಶುರುವಾದ ಮೇಲೆಯೇ ಹಳೆಯದಕ್ಕೆ ಕೈ ಹಾಕಿ. ಅಲ್ಲಿವರೆಗೆ ಹಳೆ ಕಂತು ತಪ್ಪಬಾರದು. ತಿಂಗಳ ಕಂತಿಗೆ 15 ದಿನ, ಉಳಿದ ಕಂತಿಗೆ 30 ದಿನ ರಿಯಾಯಿತಿ ಇರುತ್ತದೆ.

ತೊಂದರೆ ಆದರೆ ಮೊದಲು ಕಂಪೆನಿಗೆ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಫೀಸು ಇಲ್ಲ, ವಕೀಲರು ಬೇಡ. ಐಆರ್‌ಡಿಎಐ ಸಹಾಯವಾಣಿ 155255ಕ್ಕೂ ಫೋನ್ ಮಾಡಬಹುದು.

ಅಕ್ಕ ತಂಗಿಯರೇ, ಒಂದೊಂದು ಕಂತಿನ ಹಿಂದೆ ಎಷ್ಟು ಬೀಡಿ, ಎಷ್ಟು ಲೀಟರ್ ಹಾಲು, ಎಷ್ಟು ಮೊಳ ಮಲ್ಲಿಗೆ ಉಂಟು ಅಂತ ನಿಮಗೆ ಗೊತ್ತುಂಟು. ಅದನ್ನು ಜಗಲಿಯಲ್ಲಿ ಕೂತು ಹತ್ತು ನಿಮಿಷದ ಮಾತಿಗೆ ಬಿಡಬೇಡಿ. ಎರಡು ವಾರ ಸಮಯ ಕೊಡಿ, ಸಂಘದಲ್ಲಿ ಕೇಳಿ ಹೇಳ್ತೇನೆ ಅಂತ ಹೇಳಿ. ಒಳ್ಳೆಯ ಪಾಲಿಸಿ ಎರಡು ವಾರದಲ್ಲಿ ಓಡಿ ಹೋಗುವುದಿಲ್ಲ.

ಮುಂದಿನ ಸಭೆಯಲ್ಲಿ ಮಾಡಬೇಕಾದ ಕೆಲಸ

1. ಪ್ರತಿಯೊಬ್ಬ ಸದಸ್ಯೆ ತನ್ನ ಎಲ್ಲ ಪಾಲಿಸಿ, ಪಿಎಫ್ ಮತ್ತು ಬ್ಯಾಂಕ್ ವಿಮೆಯ ಕಾಗದ ತರಬೇಕು. ಪಾಲಿಸಿ ನಂಬ್ರ, ಮೊತ್ತ, ಮುಗಿಯುವ ತಾರೀಕು, ನಾಮಿನಿಯ ಹೆಸರು ಪುಸ್ತಕದಲ್ಲಿ ಬರೆಯಿರಿ.

2. ನಾಮಿನಿ ಬದುಕಿದ್ದಾರಾ? ಮದುವೆಯ ಮೊದಲು ತಾಯಿಯ ಹೆಸರು ಕೊಟ್ಟದ್ದು ಹಾಗೇ ಉಂಟಾ? ಆಧಾರಿನ ಹೆಸರೂ ಪಾಲಿಸಿಯ ಹೆಸರೂ ಒಂದೇ ಉಂಟಾ? ಇಲ್ಲದಿದ್ದರೆ ಈಗಲೇ ಸರಿ ಮಾಡಿಸಿ.

3. ಬದಲಾಯಿಸುವ ಯೋಚನೆ ಇದ್ದವರು ಶಾಖೆಗೆ ಹೋಗಿ ಮೂರು ಅಂಕೆಗಳನ್ನು ಬರಹದಲ್ಲಿ ತೆಗೆದುಕೊಳ್ಳಿ: ಇವತ್ತು ಸರೆಂಡರ್ ಮಾಡಿದರೆ ಎಷ್ಟು, ಪೇಯ್ಡ್ ಅಪ್ ಮಾಡಿದರೆ ಎಷ್ಟು, ಕೊನೆವರೆಗೆ ಕಟ್ಟಿದರೆ ಎಷ್ಟು.

4. ಸದಸ್ಯೆಯ ಮನೆಯಲ್ಲಿ ಸಾವಾದರೆ ಆ ದಿನವೇ ಕೊಡುವ ತುರ್ತು ಹಣ ಎಷ್ಟು ಎಂದು ತೀರ್ಮಾನಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ.

5. ಸಾವಾದ 21 ದಿನದೊಳಗೆ ಮರಣ ನೋಂದಣಿ ಮಾಡಿಸಲು ಆ ಮನೆಯವರಿಗೆ ಸಂಘದಿಂದ ಒಬ್ಬರು ಜೊತೆಯಾಗಿ ಹೋಗಬೇಕು. ಆ ಕಾಗದ ಇಲ್ಲದೆ ಯಾವ ಪಾಲಿಸಿಯ ಹಣವೂ ಬರುವುದಿಲ್ಲ.